ಮೊದಲು ನರ್ಸರಿ, ಆಮೇಲೆ ತೋಟ

ಲ್ಯಾಂಡ್‌ಸ್ಕೇಪ್ ಕಂಪನಿ ನಡೆಸುವವರು ಮುಂದಿನ ಇಪ್ಪತ್ತು ವರ್ಷಕ್ಕೆ ಏನು ಯೋಚಿಸಿದ್ದಾರೆ ಎಂದು ತಿಳಿಯಬೇಕಾದರೆ ನಾನು ಅವರ ನರ್ಸರಿ ತೋರಿಸಿ ಎನ್ನುತ್ತೇನೆ. ಕಚೇರಿ, ವೆಬ್‌ಸೈಟು, ಮುಗಿಸಿದ ಕೆಲಸಗಳ ಫೋಟೊ ಎಲ್ಲವೂ ಹಿಂದಿನ ಕಥೆ ಹೇಳುತ್ತವೆ. ಮುಂದಿನದನ್ನು ಹೇಳುವುದು ಸಾಲಾಗಿ ಜೋಡಿಸಿಟ್ಟ ಕವರುಗಳಲ್ಲಿ ಬೆಳೆಯುತ್ತಿರುವ ಗಿಡ. ಅಲ್ಲಿ ಎರಡು ವರ್ಷದ ಹೊಂಗೆ, ಮೂರು ವರ್ಷದ ಹೊಳೆದಾಸವಾಳ, ಐದು ವರ್ಷದ ಸಂಪಿಗೆ ಇದ್ದರೆ ಆ ಮಾಲೀಕರು ಐದು ವರ್ಷ ಮುಂದಿನ ಗಿರಾಕಿಯನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದರ್ಥ.

ಬೆಂಗಳೂರಿನಲ್ಲಿ ಈ ವ್ಯವಹಾರ ನಡೆಸುವ ಎಷ್ಟೋ ಮಂದಿಗೆ ಸ್ವಂತ ನರ್ಸರಿಯಿಲ್ಲ. ಕೆಲಸ ಸಿಕ್ಕ ಮೇಲೆ ಫೋನು ಹೋಗುತ್ತದೆ, ಗೋದಾವರಿ ಸೀಮೆಯ ಕಡಿಯಂನಿಂದ ಲಾರಿ ಬರುತ್ತದೆ. ಕಡಿಯಂ ಎಂದರೆ ಊರಿಗೆ ಊರೇ ನರ್ಸರಿ. ಅಲ್ಲಿನವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿಂದ ಬರುವ ಗಿಡದ ಬುಡದಲ್ಲಿರುವುದು ಸಾಮಾನ್ಯವಾಗಿ ನದೀಬಯಲಿನ ಅಂಟುಮಣ್ಣು. ಅದು ಒಣಗಿದರೆ ಇಟ್ಟಿಗೆಯಂತೆ ಗಟ್ಟಿ. ನಮ್ಮ ಕೆಮ್ಮಣ್ಣಿನ ಗುಂಡಿಯಲ್ಲಿ ಆ ಉಂಡೆಯನ್ನು ಹಾಗೆಯೇ ಕೂರಿಸಿದರೆ ಸುತ್ತ ಹರಿದ ನೀರು ಒಳಕ್ಕೆ ಇಳಿಯುವುದಿಲ್ಲ, ಬೇರು ಹೊರಕ್ಕೆ ಬರುವುದಿಲ್ಲ.

ಇನ್ನೊಂದು ಪರೀಕ್ಷೆ. ಎಂಟಡಿ ಎತ್ತರದ ಗಿಡವೊಂದರ ಕವರನ್ನು ಬ್ಲೇಡಿನಿಂದ ಮೇಲಿಂದ ಕೆಳಗೆ ಸೀಳಿ ನೋಡಿ. ಸಣ್ಣ ಕವರಿನಲ್ಲೇ ವರ್ಷಗಟ್ಟಲೆ ಉಳಿದ ಗಿಡವಾದರೆ ತಳ ಮುಟ್ಟಿದ ಬೇರು ಹೋಗಲು ಜಾಗವಿಲ್ಲದೆ ಗೋಡೆಗುಂಟ ತಿರುಗಿ, ತನ್ನ ಮೇಲೆ ತಾನೇ ಸುತ್ತಿಕೊಂಡಿರುತ್ತದೆ. ಕೆಲವೊಮ್ಮೆ ಹೆಬ್ಬೆರಳು ಗಾತ್ರದ ಬೇರೊಂದು ಕಾಂಡದ ಬುಡವನ್ನೇ ಬಳಸಿಕೊಂಡಿರುತ್ತದೆ. ನೆಟ್ಟ ದಿನ ಗಿರಾಕಿಗೆ ಕಾಣುವುದು ಎಲೆ ಮಾತ್ರ. ವರ್ಷಗಳು ಕಳೆದು ಕಾಂಡ ದಪ್ಪವಾದಂತೆ ಸುತ್ತಿದ ಬೇರೂ ದಪ್ಪವಾಗಿ ಬುಡವನ್ನು ಬಿಗಿಯುತ್ತದೆ. ಹತ್ತು ಹನ್ನೆರಡು ವರ್ಷಕ್ಕೆ ಏಪ್ರಿಲ್ ತಿಂಗಳ ಒಂದು ಗಾಳಿಮಳೆಗೆ ಮರ ನಿಂತ ಕಾರಿನ ಮೇಲೆ ಮಲಗುತ್ತದೆ. ಆ ಹೊತ್ತಿಗೆ ನೆಟ್ಟವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ.

ಇದಕ್ಕೆ ಪರಿಹಾರ ಎಲ್ಲ ಮಾಲಿಗಳಿಗೂ ಗೊತ್ತು. ಗಿಡವನ್ನು ಕಾಲಕಾಲಕ್ಕೆ ದೊಡ್ಡ ಕವರಿಗೆ ದಾಟಿಸಬೇಕು, ದಾಟಿಸುವಾಗ ಹೊರಸುತ್ತಿನ ಬೇರನ್ನು ಸವರಬೇಕು, ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಬೇಕು. ಕವರು, ಕೂಲಿ, ನೀರು ಸೇರಿ ಒಂದು ಗಿಡದ ಮೇಲೆ ಮಾರುವ ಮೊದಲೇ ನಾಲ್ಕೈದು ವರ್ಷ ಹಣ ಸುರಿಯಬೇಕು. ಬ್ಯಾಂಕಿನವರಿಗೆ ಇದು ಅರ್ಥವಾಗುವುದಿಲ್ಲ, ಮನೆಯವರಿಗೂ ಕಷ್ಟ. ಆದರೂ ಹಾಗೆ ಸುರಿಯುವವರನ್ನೇ ನಾನು ಈ ಕ್ಷೇತ್ರದ ನಿಜವಾದ ಉದ್ಯಮಿಗಳೆಂದು ಎಣಿಸುತ್ತೇನೆ.

ಈ ಬಗೆಯ ಯೋಚನೆಗೆ ನಾನು ಕಂಡ ಅತಿ ದೊಡ್ಡ ಉದಾಹರಣೆ ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಿಂದ ಹೆಸರಾದವರು. 1888ರಲ್ಲಿ ಜಾರ್ಜ್ ವ್ಯಾಂಡರ್‌ಬಿಲ್ಟ್ ಎಂಬ ಸಿರಿವಂತ ಯುವಕ ನಾರ್ತ್ ಕ್ಯಾರೊಲಿನಾದ ಆಶ್‌ವಿಲ್ ಹತ್ತಿರ ಗುಡ್ಡಬೆಟ್ಟದ ಜಮೀನು ಕೊಂಡು, ಇಲ್ಲೊಂದು ಪಾರ್ಕು ಮಾಡಿಕೊಡಿ ಎಂದು ಕರೆದಾಗ ಓಮ್‌ಸ್ಟೆಡ್‌ಗೆ ಅರವತ್ತಾರು ವಯಸ್ಸು. ಕಡಿದು, ಸುಟ್ಟು, ಉತ್ತು ಸೊರಗಿದ ನೆಲ ಅದು. ಗಿರಾಕಿ ಕೇಳಿದ್ದನ್ನೇ ಮಾಡಿಕೊಟ್ಟು ಹಣ ಎಣಿಸಬಹುದಿತ್ತು. ಅವರು ಕೊಟ್ಟ ಸಲಹೆ ಬೇರೆ: ಈ ಮಣ್ಣು ದೊಡ್ಡ ಪಾರ್ಕಿಗೆ ಲಾಯಕ್ಕಲ್ಲ, ಮನೆಯ ಸುತ್ತ ಸಣ್ಣದೊಂದು ಪಾರ್ಕು ಸಾಕು, ನದೀಬದಿಯಲ್ಲಿ ಬೇಸಾಯ ಮಾಡಿ, ಉಳಿದದ್ದನ್ನೆಲ್ಲ ಕಾಡು ಬೆಳೆಸಿ. ಲಕ್ಷ ಎಕರೆ ದಾಟಿದ ಆ ಎಸ್ಟೇಟಿನಲ್ಲಿ ಅವರು ಎಲ್ಲಕ್ಕಿಂತ ಮೊದಲು ಹಿಡಿದ ಕೆಲಸಗಳಲ್ಲಿ ಒಂದು ನರ್ಸರಿ. ಮನೆ ಪೂರ್ತಿಯಾದದ್ದು 1895ರಲ್ಲಿ, ಗಿಡಗಳು ಅದಕ್ಕೆ ಎಷ್ಟೋ ವರ್ಷ ಮೊದಲೇ ಮಡಿಯಲ್ಲಿದ್ದವು.

ಆ ನರ್ಸರಿಗೆ 1890ರಲ್ಲಿ ಚಾನ್ಸಿ ಬೀಡಲ್ ಎಂಬ ಕೆನಡಾದ ಸಸ್ಯತಜ್ಞ ಕೆಲಸಕ್ಕೆ ಬಂದರು. 1950ರಲ್ಲಿ ತೀರಿಕೊಳ್ಳುವವರೆಗೆ ಆ ಎಸ್ಟೇಟನ್ನು ಬಿಡಲಿಲ್ಲ. ಕಾಡು ನೋಡಿಕೊಳ್ಳಲು 1892ರಲ್ಲಿ ಬಂದ ತರುಣ ಗಿಫರ್ಡ್ ಪಿಂಚೊ ಮುಂದೆ ಅಮೆರಿಕದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದರು. 1898ರಲ್ಲಿ ಅಲ್ಲೇ ಒಂದು ಅರಣ್ಯಶಾಲೆ ಶುರುವಾಯಿತು. 1914ರಲ್ಲಿ ವ್ಯಾಂಡರ್‌ಬಿಲ್ಟ್ ತೀರಿಕೊಂಡ ಮೇಲೆ ಅವರ ಪತ್ನಿ ಕಾಡಿನ ಬಹುಭಾಗವನ್ನು ಸರ್ಕಾರಕ್ಕೆ ಮಾರಿದರು. ಇಂದಿನ ಪಿಸ್ಗಾ ರಾಷ್ಟ್ರೀಯ ಅರಣ್ಯದ ತಿರುಳು ಅದೇ. ಓಮ್‌ಸ್ಟೆಡ್ 1903ರಲ್ಲೇ ಹೋಗಿದ್ದರು. ಅವರು ಬ್ರೂಕ್‌ಲೈನ್‌ನಲ್ಲಿ ಮನೆಯಲ್ಲೇ ಇಟ್ಟುಕೊಂಡಿದ್ದ ಕಚೇರಿಯನ್ನು ಮಕ್ಕಳು ಮುಂದುವರಿಸಿದರು. ನಕ್ಷೆ, ಗಿಡಗಳ ಪಟ್ಟಿ, ಫೋಟೊ, ಪತ್ರ ಒಂದನ್ನೂ ಎಸೆಯದೆ ಇಟ್ಟದ್ದರಿಂದ ಆ ಪಾರ್ಕುಗಳನ್ನು ದುರಸ್ತಿ ಮಾಡುವವರು ಇಂದಿಗೂ ಅವನ್ನು ತೆರೆದು ನೋಡುತ್ತಾರೆ.

ಅಷ್ಟು ದೂರ ಹೋಗುವುದೇಕೆ, ಎಸ್.ಜಿ. ನೇಗಿನಹಾಳರ ಕೆಲಸ ನಮ್ಮ ರಸ್ತೆಗಳಲ್ಲೇ ನಿಂತಿದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ 15 ಲಕ್ಷ ಗಿಡ ನೆಡಿಸಿದ ಅರಣ್ಯಾಧಿಕಾರಿ ಅವರು. ಮೊಣಕಾಲೆತ್ತರದ ಸಸಿ ರಸ್ತೆಬದಿಯಲ್ಲಿ ದನದ ಬಾಯಿಗೆ, ಪುಂಡರ ಕೈಗೆ ಸಿಕ್ಕುತ್ತದೆಂದು ನರ್ಸರಿಯಲ್ಲೇ ಎತ್ತರಕ್ಕೆ ಬೆಳೆಸಿ, ಆಮೇಲೆ ತಂದು ನೆಟ್ಟು ಬೇಲಿ ಕಟ್ಟಿಸಿದರು. ಅದಕ್ಕೂ ಹಿಂದೆ, 1908ರಲ್ಲಿ ಬರೋಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಿಗೆ ಕೊಟ್ಟರು. ಇಬ್ಬರೂ ಸರ್ಕಾರಿ ನೌಕರರು, ಸಂಬಳ ತಪ್ಪುತ್ತಿರಲಿಲ್ಲ. ಬಿಲ್ಡರ್ ಕೊಡುವ ಕೊನೆಯ ಕಂತಿಗಾಗಿ ಕಾಯುವ ಸಣ್ಣ ಕಂಪನಿಯ ಪಾಡು ಬೇರೆ ಎಂಬುದನ್ನು ಒಪ್ಪುತ್ತೇನೆ. ಹಾಗಾಗಿಯೇ ದುಡ್ಡಿನ ಮಾತನ್ನೂ ಆಡಬೇಕು.

ಬಹುತೇಕ ಕಂಪನಿಗಳ ದುಡ್ಡು ಹುಟ್ಟುವುದು ಹುಲ್ಲುಹಾಸಿನಲ್ಲಿ. ಹಾಸಿದ ವಾರವೇ ಹಸಿರು, ತಿಂಗಳಲ್ಲಿ ಬಿಲ್ಲು. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಎಂದು ಲೆಕ್ಕ ಹಿಡಿದರೂ 1000 ಚದರಡಿಗೆ ಸುಮಾರು 465 ಲೀಟರ್ ಬೇಕು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಒಣಗಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದು ಆದೇಶಿಸಿ, 5000 ರೂಪಾಯಿ ದಂಡ ಇಟ್ಟಿತು. ಅಂಥ ಬೇಸಿಗೆ ಮತ್ತೆ ಬಾರದು ಎಂದು ನಂಬಿ ಬರೀ ಹುಲ್ಲಿನ ಮೇಲೆ ಕಂಪನಿ ಕಟ್ಟುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಮಕ್ಕಳು ಆಡುವಲ್ಲಿ ಹುಲ್ಲಿರಲಿ. ನೋಡಲಿಕ್ಕೆಂದು ಹಾಸುವ ಜಾಗವನ್ನು ಮರದ ನೆರಳಿಗೆ, ಮಳೆನೀರು ಇಂಗುವ ತಗ್ಗಿಗೆ ಬಿಡಿ ಎಂದು ಗಿರಾಕಿಗೆ ಹೇಳುವ ಧೈರ್ಯ ಮಾಲೀಕರಿಗೆ ಬೇಕು.

ಗಿರಾಕಿಗೆ ಮೊದಲ ದಿನವೇ ತುಂಬಿದ ತೋಟ ಬೇಕು. ಅದಕ್ಕೆಂದು ದೊಡ್ಡ ಜಾತಿಯ ಮರಗಳನ್ನು ಹತ್ತಡಿಗೊಂದರಂತೆ ನೆಟ್ಟುಬಿಡುತ್ತಾರೆ, ಆಮೇಲೆ ತೆಗೆದರಾಯಿತು ಎಂಬ ಲೆಕ್ಕ. ಆದರೆ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಡುವಿನ ಜಾಗ ತುಂಬಲು ಪೊದೆಗಿಡ ಹಾಕಿ, ಮರಕ್ಕೆ ಮೂವತ್ತಡಿ ಬಿಡಿ. ನಕ್ಷೆಯಲ್ಲಿ ಐದನೆಯ, ಹದಿನೈದನೆಯ, ಇಪ್ಪತ್ತೈದನೆಯ ವರ್ಷದ ನೆರಳನ್ನು ಬೇರೆ ಬೇರೆ ಬಣ್ಣದಲ್ಲಿ ಬರೆದು ತೋರಿಸಿದರೆ ಗಿರಾಕಿಗಳು ಕೇಳುತ್ತಾರೆ, ಅದರಲ್ಲೂ ಸ್ವಂತ ಮನೆ ಕಟ್ಟಿದವರು.

ನಿರ್ವಹಣೆಯ ಒಪ್ಪಂದವನ್ನು ವರ್ಷವರ್ಷಕ್ಕೂ ಕಡಿಮೆ ದರದವರಿಗೆ ಬಿಟ್ಟುಕೊಡುವುದು ಇನ್ನೊಂದು ನಷ್ಟ. ಮಾಲಿ ಬದಲಾದಾಗಲೆಲ್ಲ ಪೈಪು ಎಲ್ಲಿದೆ, ಯಾವ ಮರಕ್ಕೆ ಯಾವಾಗ ಏನು ಹಾಕಿತ್ತು ಎಂಬುದೆಲ್ಲ ಅವನೊಂದಿಗೇ ಹೋಗುತ್ತದೆ. ಮೂರು ವರ್ಷದ ಒಪ್ಪಂದ ಕೇಳಿ, ಒಬ್ಬ ಮಾಲಿಗೆ ಒಳ್ಳೆಯ ಸಂಬಳ ಕೊಟ್ಟು, ಪ್ರತಿ ತೋಟಕ್ಕೂ ಒಂದು ದಿನಚರಿ ಪುಸ್ತಕ ಇಡಿಸಿ. ಲಾಲ್‌ಬಾಗಿನಲ್ಲಿ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆ 10 ತಿಂಗಳ ತರಬೇತಿ ಕೊಡುತ್ತದೆ. ಅಲ್ಲಿಂದ ಬಂದವರನ್ನು ಗುಂಡಿ ತೋಡಲು ಮಾತ್ರ ಇಟ್ಟುಕೊಳ್ಳದೆ ಮೇಸ್ತ್ರಿಗಳಾಗಿ, ಮುಂದೆ ಪಾಲುದಾರರಾಗಿ ಬೆಳೆಸುವುದು ನನ್ನ ಮಟ್ಟಿಗೆ ಗಿಡ ಬೆಳೆಸಿದಷ್ಟೇ ಮುಖ್ಯ.

ಇಷ್ಟೆಲ್ಲ ಮಾಡಲು ನೆಲ ಬೇಕು. ಊರಂಚಿನಲ್ಲಿ ಬಾಯಿಮಾತಿನ ಬಾಡಿಗೆಯ ಮೇಲೆ ನಿಂತ ನರ್ಸರಿ, ಒಡೆಯ ಲೇಔಟಿಗೆ ಜಮೀನು ಮಾರಿದ ದಿನ ಮುಗಿಯಿತು. ಐದು ವರ್ಷದ ಸಂಪಿಗೆಯನ್ನು ಒಂದೇ ವಾರದಲ್ಲಿ ಎತ್ತಬೇಕಾಗುತ್ತದೆ. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ನಗರದಲ್ಲಿ ದೊಡ್ಡ ಕಚೇರಿ ಹಿಡಿಯಲು ಕೂಡಿಟ್ಟ ಹಣವಿದ್ದರೆ ಮಾಗಡಿಯಾಚೆಯೋ ಗುಬ್ಬಿಯ ಕಡೆಯೋ ನೀರಿರುವ ಎರಡು ಎಕರೆ ನೋಡಿ. ಕೊಂಡ ಮೊದಲ ಮುಂಗಾರಿನಲ್ಲೇ ಬೀಜ ಹಾಕಿ. ಕಚೇರಿಗೆ ಸದ್ಯಕ್ಕೆ ಮನೆಯ ಒಂದು ಕೋಣೆ ಸಾಕು.