ಚೌಕದ ಮನೆಯೊಳಗಿನ ಅಕ್ಷರ

ಪದ್ಯವನ್ನು ವಿಮರ್ಶಿಸುವವರು ಛಂದಸ್ಸನ್ನು ಮರೆಯುವುದಿಲ್ಲ. ಅಂತೆಯೇ ಅಕ್ಷರದ ರೂಪವನ್ನು ವಿಮರ್ಶಿಸುವವರು ಅದು ನಿಂತಿರುವ ಮನೆಯ ಅಳತೆಯನ್ನು ಮರೆಯಲಾಗದು. ಗಣಕಯಂತ್ರದ ತೆರೆಯ ಮೇಲೆ ಇಂದು ಮತ್ತೆ ಮೆರೆಯುತ್ತಿರುವ ಹಳೆಯ ಬಗೆಯ ಚುಕ್ಕಿಯಕ್ಷರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕೆ ಆರಿಸಿಕೊಂಡಿರುವುದು ಪೀಟರ್ ಹಲ್ ಎಂಬವರು ರಚಿಸಿದ 'ವಿಟಿ 323' ಎಂಬ ರೋಮನ್ ಲಿಪಿಯ ಫಾಂಟ್.

ಇದರ ಮೂಲ, ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1987ರಲ್ಲಿ ಹೊರತಂದ 'ವಿಟಿ 320' ಎಂಬ ಟರ್ಮಿನಲ್. ಬೇರೆಡೆ ಇದ್ದ ಗಣಕಯಂತ್ರಕ್ಕೆ ತಂತಿಯಿಂದ ಜೋಡಿಸಿದ ಒಂದು ಕೀಲಿಮಣೆ, ಒಂದು ತೆರೆ. ಇಷ್ಟೇ ಅದರ ಸ್ವರೂಪ. ಸಾಲಿಗೆ 80 ಅಕ್ಷರ, ತೆರೆಗೆ 24 ಸಾಲು ಎಂಬುದು ಅಂಥ ಯಂತ್ರಗಳ ರೂಢಿಯ ಅಳತೆ. ಈ 80 ಎಂಬ ಸಂಖ್ಯೆ ತೆರೆಗಿಂತಲೂ ಹಳೆಯದು. ಐಬಿಎಂ ಸಂಸ್ಥೆ 1928ರಲ್ಲಿ ತಂದ ತೂತುಕಾರ್ಡಿನಲ್ಲಿಯೇ 80 ಅಂಕಣಗಳಿದ್ದವು. ಪ್ರತಿಯೊಂದು ಅಕ್ಷರಕ್ಕೂ ಒಂದೇ ಅಳತೆಯ ಮನೆ. ಮನೆಯೊಳಗಿನ ಚುಕ್ಕಿ ಉರಿಯಬೇಕು, ಇಲ್ಲವೇ ಆರಿರಬೇಕು, ನಡುವಣ ಸ್ಥಿತಿಯಿಲ್ಲ. ಉದಾಹರಣೆಗೆ, ಮನೆಯ ಅಗಲಕ್ಕೆ 8, ಎತ್ತರಕ್ಕೆ 16 ಎಂದರೆ ಒಟ್ಟು 128 ಚುಕ್ಕಿ. ಅದನ್ನು ನೆನಪಿನಲ್ಲಿಡಲು ಯಂತ್ರಕ್ಕೆ 16 ಬೈಟುಗಳು ಸಾಕು. ಯಂತ್ರದ ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ ಈ ಮಿತವ್ಯಯವೇ ಅಕ್ಷರಗಳ ಛಂದಸ್ಸಾಯಿತು.

ಈ ಕಟ್ಟಿನೊಳಗೆ ತೋರಿಬರುವ ಜಾಣ್ಮೆ ಮೆಚ್ಚತಕ್ಕದ್ದು. ರೋಮನ್ನಿನ ಚಿಕ್ಕ 'ಐ' ಕಡ್ಡಿಯಂತೆ ಕೃಶ. 'ಎಂ' ಮೂರು ಕಾಲಿನ ಸ್ಥೂಲ ಅಕ್ಷರ. ಇಬ್ಬರಿಗೂ ಒಂದೇ ಮನೆ. ಆದುದರಿಂದ 'ಐ' ತನ್ನ ಅಡಿಗೆ ಅಗಲವಾದ ಪೀಠವನ್ನು ಹಾಕಿಕೊಳ್ಳುತ್ತದೆ. 'ಎಂ' ಕಾಲುಗಳನ್ನು ಒತ್ತರಿಸಿಕೊಂಡು ನಿಲ್ಲುತ್ತದೆ. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ನೂಲಿನ ಎಳೆಗಳನ್ನು ಎಣಿಸಿಯೇ ಗೋಪುರವನ್ನೂ ತೇರನ್ನೂ ಎತ್ತುವ ಹೆಂಗಸರಿಗೆ ಈ ಕಷ್ಟವೂ ಈ ಸೊಗಸೂ ಚೆನ್ನಾಗಿ ಗೊತ್ತು. ಸಮಾನ ಅಗಲದಿಂದ ಪ್ರಯೋಜನವೂ ಉಂಟು. ಲೆಕ್ಕದ ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ನಿಲ್ಲುತ್ತವೆ. ಯಂತ್ರಕ್ಕೆ ಆದೇಶಗಳನ್ನು ಬರೆಯುವವರು ತಪ್ಪಿದ ಒಂದು ಚಿಹ್ನೆಯನ್ನು ಸುಲಭವಾಗಿ ಹಿಡಿಯಬಲ್ಲರು.

ದೋಷವಿರುವುದು ಹೆಚ್ಚಾಗಿ ಬಳಕೆಯಲ್ಲಿ. ಹಳೆಯ ಗಾಜಿನ ತೆರೆಯಲ್ಲಿ ಬೆಳಕಿನ ಚುಕ್ಕಿ ತುಸು ಹರಡಿ ನೆರೆಯ ಚುಕ್ಕಿಯೊಡನೆ ಬೆರೆಯುತ್ತಿತ್ತು. ಇಂದಿನ ಚೂಪಾದ ತೆರೆಯಲ್ಲಿ ಅದೇ ಅಕ್ಷರ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ; ಚುಕ್ಕಿ ಉಳಿದು ಕಾಂತಿ ಹೋಯಿತು. ಚುಕ್ಕಿಯಕ್ಷರವನ್ನು ಹಿಗ್ಗಿಸುವುದಾದರೆ ಎರಡರಷ್ಟು, ಮೂರರಷ್ಟು ಎಂದು ಪೂರ್ಣಾಂಕದಲ್ಲಿಯೇ ಹಿಗ್ಗಿಸಬೇಕು. ಒಂದೂವರೆಯಷ್ಟು ಮಾಡಿದರೆ ಅಂಚು ಕದಡಿ ರೂಪ ಕೆಡುತ್ತದೆ. ಆಟದ ಅಂಕಪಟ್ಟಿಗೋ ಶೀರ್ಷಿಕೆಗೋ ಒಪ್ಪುವ ಈ ಲಿಪಿಯಲ್ಲಿ ದೀರ್ಘ ಗದ್ಯವನ್ನು ಹೊಂದಿಸುವುದು ಓದುಗನ ಕಣ್ಣಿಗೆ ಮಾಡುವ ಅನ್ಯಾಯ. ಹಳೆಯದರ ನೆನಪು ಹಿತವಾದುದೇ. ಆದರೆ ಕಾರಣವನ್ನು ಬಿಟ್ಟು ರೂಪವನ್ನು ಮಾತ್ರ ತಂದರೆ ಅದು ಬರಿಯ ವೇಷವಾಗುತ್ತದೆ.

ಇನ್ನು ನಮಗೆ ಹತ್ತಿರವಾದ ಪ್ರಶ್ನೆ: ಇಂಥ ಮನೆಯಲ್ಲಿ ಕನ್ನಡಕ್ಕೆ ಎಡೆಯುಂಟೆ? 'ವಿಟಿ 323'ರಲ್ಲಿ ಕನ್ನಡವಿಲ್ಲ. 1998ರಲ್ಲಿ ರೋಮನ್ ಚಿಬೋರಾ ಎಂಬವರು ಆರಂಭಿಸಿದ 'ಯೂನಿಫಾಂಟ್' ಎಂಬ ಚುಕ್ಕಿಯಕ್ಷರ ಸಂಗ್ರಹದಲ್ಲಿ ಕನ್ನಡವೂ ಇದೆ. ಅಲ್ಲಿ ಮನೆಯ ಎತ್ತರ 16 ಚುಕ್ಕಿ, ಅಗಲ 8 ಅಥವಾ 16. ಲೋಕದ ನಾನಾ ಲಿಪಿಗಳನ್ನು ಒಂದೆಡೆ ತೋರಿಸುವ ಆ ಸಾಹಸ ಶ್ಲಾಘ್ಯವೇ. ಆದರೆ ಅಲ್ಲಿ ಒಂದು ಸಂಕೇತಕ್ಕೆ ಒಂದೇ ರೂಪ. ಆದಕಾರಣ 'ಕನ್ನಡ' ಎಂಬ ಪದದಲ್ಲಿಯೇ ಎರಡನೆಯ ನಕಾರ ಒತ್ತಾಗಿ ಕೆಳಗಿಳಿಯಲಾರದು. ನುಡಿಯ ಹೆಸರೇ ಸರಿಯಾಗಿ ಮೂಡದು. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಯಂತ್ರದ ಎಣಿಕೆಯಲ್ಲಿ ಆರು ಸಂಕೇತ. ರೋಮನ್ ಅಕ್ಷರಗಳು ಪಕ್ಕಪಕ್ಕಕ್ಕೆ ಸಾಗುತ್ತವೆ; ನಮ್ಮವು ಪಕ್ಕಕ್ಕೂ ಕೆಳಕ್ಕೂ ಬೆಳೆಯುತ್ತವೆ. ಒಬ್ಬರ ಮೈಯಳತೆಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಬಿಗಿಯಾದರೆ ತಪ್ಪು ಮೈಯದಲ್ಲ.

ಹಾಗೆಂದು ಕನ್ನಡಕ್ಕೆ ಚುಕ್ಕಿಯಕ್ಷರ ಸಲ್ಲದೆಂದು ಕೈಬಿಡುವುದು ತರವಲ್ಲ. ಒತ್ತಿಗೆ ಸ್ಥಳವಿರುವಂತೆ ಮನೆಯ ಎತ್ತರವನ್ನು ಹೆಚ್ಚಿಸಬೇಕು; ಸಂಕೇತವನ್ನಲ್ಲ, ಇಡಿಯ ಗುಣಿತಾಕ್ಷರವನ್ನು ಅಳತೆಗೆ ಹಿಡಿಯಬೇಕು. ಈ ಕೆಲಸಕ್ಕೆ ಯಂತ್ರವನ್ನು ಬಲ್ಲವರಷ್ಟೇ ಸಾಲರು, ಕಾಗುಣಿತವನ್ನು ಕಲಿಸುವವರೂ ಬೇಕು. ಉಪಾಧ್ಯಾಯ ಮಿತ್ರರು ಮಕ್ಕಳ ಕೈಗೆ ಚೌಕದ ಲೆಕ್ಕದ ಪುಸ್ತಕವನ್ನು ಕೊಟ್ಟು, ಹದಿನಾರು ಮನೆಗಳ ಎತ್ತರದಲ್ಲಿ ಮೊದಲು 'ರ', ಆಮೇಲೆ 'ಸ್ತ್ರೀ' ಬರೆಯಿಸಿ ನೋಡಲಿ. ಎಲ್ಲಿ ಚೌಕ ಸಾಲದಾಗುವುದೋ ಅಲ್ಲಿಂದಲೇ ನಮ್ಮ ಲಿಪಿಗೆ ತಕ್ಕ ಅಳತೆಯ ಶೋಧನೆ ಮೊದಲಾಗಬೇಕು.