ಸೇತುವೆಯೂ ಅದರ ಪ್ರತಿರೂಪವೂ

ಹಳೆಯ ಸೇತುವೆಯೊಂದರ ಪ್ರತಿರೂಪವನ್ನು ಗಣಕದಲ್ಲಿ ರಚಿಸಿ, ಸೇತುವೆಗೆ ಅಳವಡಿಸಿದ ಮಾಪಕಗಳ ವರದಿಯಿಂದ ಅದನ್ನು ಆಗಾಗ ತಿದ್ದುತ್ತ, ದುರಸ್ತಿಯ ಕಾಲವನ್ನು ಅದರಿಂದಲೇ ನಿರ್ಣಯಿಸುವ ಪದ್ಧತಿಯು ಈಚೆಗೆ ಬಹಳ ಪ್ರಶಂಸೆಗೆ ಪಾತ್ರವಾಗಿದೆ. ಇದನ್ನು ‘ಡಿಜಿಟಲ್ ಅವಳಿ’ ಎಂದು ಕರೆಯುವುದುಂಟು. ಹೆಸರೇನೋ ಸೊಗಸಾಗಿದೆ. ಆದರೆ ಈ ಅವಳಿಯು ಬಹುಮಟ್ಟಿಗೆ ಹಳೆಯ ನಕ್ಷೆಗಳಿಂದ ಹುಟ್ಟಿದ್ದು. ನಕ್ಷೆಯಲ್ಲಿಯೇ ದೋಷವಿದ್ದರೆ ಪ್ರತಿರೂಪವು ಅದನ್ನು ತೋರಿಸೀತೆ? ಅಮೆರಿಕದ ಒಂದು ಸೇತುವೆಯ ವೃತ್ತಾಂತವು ಈ ಪ್ರಶ್ನೆಯ ವಿಚಾರಕ್ಕೆ ಒದಗುತ್ತದೆ.

ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪಿ ನದಿಯನ್ನು ದಾಟುತ್ತಿದ್ದ ಐ-35ಡಬ್ಲ್ಯು ಹೆದ್ದಾರಿಯ ಉಕ್ಕಿನ ಸೇತುವೆಯು 1967ರಲ್ಲಿ ಸಂಚಾರಕ್ಕೆ ತೆರೆಯಿತು. ಉಕ್ಕಿನಲ್ಲಿ ಬಳಲಿಕೆಯ ಬಿರುಕುಗಳು ಉಂಟಾಗುವ ಭಯವಿದ್ದುದರಿಂದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ 2001ರಲ್ಲಿ ವರದಿ ನೀಡಿದರು. ಅವರು ಮಾಪಕಗಳನ್ನು ಅಂಟಿಸಿ, ತೂಕ ಗೊತ್ತಿದ್ದ ಲಾರಿಗಳನ್ನು ಸೇತುವೆಯ ಮೇಲೆ ಓಡಿಸಿ, ಗಣಕದ ಲೆಕ್ಕದೊಡನೆ ತಾಳೆ ನೋಡಿದ್ದರು. ಮುಖ್ಯ ಚೌಕಟ್ಟಿನಲ್ಲಿ ಬಳಲಿಕೆಯ ಬಿರುಕು ಸಂಭವನೀಯವಲ್ಲವೆಂದು ತೀರ್ಮಾನವಾಯಿತು. 2007ರ ಆಗಸ್ಟ್ 1ರ ಸಂಜೆ ಸೇತುವೆಯು ಕುಸಿದುಬಿದ್ದು 13 ಮಂದಿ ಸತ್ತರು. 145 ಮಂದಿ ಗಾಯಗೊಂಡರು.

ಆದರೆ 2001ರ ಲೆಕ್ಕ ತಪ್ಪಾಗಿರಲಿಲ್ಲ. ಸೇತುವೆಯು ಬಳಲಿಕೆಯಿಂದ ಬೀಳಲಿಲ್ಲ. ತೊಲೆಗಳು ಕೂಡುವ ಸಂದುಗಳನ್ನು ಬಂಧಿಸುವ ಗಸೆಟ್ ತಗಡುಗಳು ಕೆಲವೆಡೆ ಬೇಕಾದುದರ ಅರ್ಧದಷ್ಟೇ ದಪ್ಪವಾಗಿದ್ದವು: ಅರ್ಧ ಅಂಗುಲ. 1977ರಲ್ಲಿ ರಸ್ತೆಯ ಮೇಲ್ಪದರವನ್ನು ದಪ್ಪಗೊಳಿಸಿದಾಗ ಹೊರೆ ಹೆಚ್ಚಿತು. ಕುಸಿದ ದಿನ ದುರಸ್ತಿಯ ಮರಳು, ಜಲ್ಲಿ, ಯಂತ್ರಗಳೂ ಮೇಲಿದ್ದವು. ವಾಡಿಕೆಯ ಲೆಕ್ಕದಲ್ಲಾದರೋ ಸಂದು ಎಂಬುದು ಒಂದು ಬಿಂದು. ಬಿಂದುವಿಗೆ ದಪ್ಪವಿಲ್ಲ; ಆದುದರಿಂದ ಅದು ಮುರಿಯುವಂತೆಯೂ ಇಲ್ಲ. (ನಾವು ತರಗತಿಯಲ್ಲಿ ಮೊದಲ ದಿನವೇ ಕಲಿಸುವ ಈ ಸೌಕರ್ಯವನ್ನು ಹಿಂದಕ್ಕೆ ಪಡೆಯುವ ದಿನ ಎಷ್ಟೋ ವೇಳೆ ಬರುವುದೇ ಇಲ್ಲ.) ಆ ತಗಡುಗಳು ಬಾಗಿದ್ದುದು 2003ರ ಛಾಯಾಚಿತ್ರಗಳಲ್ಲಿ ಕಣ್ಣಿಗೆ ಕಾಣುವಂತಿದೆ.

ಇಂದಿನ ಪ್ರತಿರೂಪಗಳು ತಗಡನ್ನು ತಗಡಾಗಿಯೇ ಚಿತ್ರಿಸಬಲ್ಲವು ಎಂದು ಉತ್ತರ ಬರಬಹುದು. ನಿಜ. ಕುಸಿತದ ತರುವಾಯ ತನಿಖೆಗಾಗಿ ರಚಿತವಾದ ಪ್ರತಿರೂಪಗಳು ತಗಡು ಸೋತ ಬಗೆಯನ್ನು ಚೆನ್ನಾಗಿ ತೋರಿಸಿಕೊಟ್ಟವು. ಆದರೆ ಅದು ಎಲ್ಲಿ ನೋಡಬೇಕೆಂದು ತಿಳಿದ ಮೇಲಿನ ಮಾತು. ಇನ್ನೊಂದು ಅಂಶ ಇದಕ್ಕಿಂತ ಗಂಭೀರವಾದುದು. ಅರ್ಧ ಅಂಗುಲವೆಂದು ನಕ್ಷೆಯಲ್ಲಿಯೇ ಬರೆದಿತ್ತು. ಯಾರಾದರೂ ತಗಡನ್ನು ಅಳೆದಿದ್ದರೆ ಅಳತೆಯೂ ನಕ್ಷೆಯೂ ಪ್ರತಿರೂಪವೂ ಪರಸ್ಪರ ಹೊಂದಿಕೊಳ್ಳುತ್ತಿದ್ದವು. ದೋಷವು ಮಾತ್ರ ಹಾಗೆಯೇ ಉಳಿಯುತ್ತಿತ್ತು. ಹೋಲಿಕೆಯನ್ನೇ ಯಥಾರ್ಥತೆಯ ಪ್ರಮಾಣವೆಂದು ಭಾವಿಸುವವರು ಇದನ್ನು ಗಮನಿಸಬೇಕು.

2008ರ ಸೆಪ್ಟೆಂಬರಿನಲ್ಲಿ ಅದೇ ಸ್ಥಳದಲ್ಲಿ ತೆರೆದ ಕಾಂಕ್ರೀಟಿನ ಹೊಸ ಸೇತುವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಮಾಪಕಗಳಿವೆ. ಅವು ನಿರರ್ಥಕವೆನ್ನಲಾರೆವು. ಆದರೂ ಮಾಪಕವನ್ನು ಇಡುವುದು ಶಂಕೆಯಿರುವೆಡೆಯಲ್ಲಿ. ಐ-35ಡಬ್ಲ್ಯುವಿನ ಸಂದುಗಳನ್ನು ಯಾರೂ ಶಂಕಿಸಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತವು ಗಸೆಟ್ ತಗಡುಗಳ ಬಲವನ್ನೂ ಲೆಕ್ಕಹಾಕಿ ನೋಡಬೇಕೆಂದು ಸೂಚನೆ ಹೊರಡಿಸಿತು. ಪ್ರತಿರೂಪಗಳಲ್ಲಿಯೂ ಪ್ರತಿಯೊಂದು ಅಂಗದ ಎದುರಿಗೆ, ಇದರ ಬಲವನ್ನು ಯಾರಾದರೂ ಲೆಕ್ಕಹಾಕಿದ್ದಾರೆಯೆ ಅಥವಾ ಇದ್ದೀತೆಂದು ಊಹಿಸಲಾಗಿದೆಯೆ ಎಂಬುದನ್ನು ನಮೂದಿಸಲು ಒಂದು ಅಂಕಣವಿರತಕ್ಕದ್ದು. ಊಹೆಯ ಅಂಗಗಳನ್ನು ಪರದೆಯ ಮೇಲೆ ಬೇರೆ ಬಣ್ಣದಲ್ಲಿ ತೋರಿಸತಕ್ಕದ್ದು.