ಹೊಳೆಬಾಗಿಲಿನ ಸೇತುವೆ ಮತ್ತು ಬರೆಯದೇ ಉಳಿದ ಶಾಸನ

ಹೊಳೆಬಾಗಿಲು ಅಂದರೆ ಸಾಗರ ಸೀಮೆಯವರಿಗೆ ಲಾಂಚ್ ಹತ್ತುವ ಜಾಗ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿನ್ನೀರು ಹರಡಿದ ಮೇಲೆ ತುಮರಿ ಕಡೆಯವರಿಗೆ ಸಾಗರ ಪೇಟೆಗೆ ಹತ್ತಿರದ ದಾರಿ ಅದೇ ಆಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ತೆರೆಯಿತು. ಕೇಬಲ್ಲುಗಳು ಹೊತ್ತು ನಿಂತ ಅದರ ರಚನೆ ಇಂಜಿನಿಯರ್ ಆದ ನನಗೆ ನಿಜಕ್ಕೂ ಖುಷಿ ಕೊಡುತ್ತದೆ. ಸಾಗರ ಅಂದರೆ ಜೋಗ, ಇಕ್ಕೇರಿ ಎನ್ನುತ್ತಿದ್ದವರು ಈಗ ಸೇತುವೆಯ ಫೋಟೋ ಹಾಕುತ್ತಿದ್ದಾರೆ.

ಆದರೆ ಅದರ ಸುತ್ತ ನಡೆದ ಚರ್ಚೆ ಯಾವುದು? ಉದ್ಘಾಟನೆಗೆ ಮುಖ್ಯಮಂತ್ರಿಯನ್ನು ಸರಿಯಾಗಿ ಕರೆದರೋ ಇಲ್ಲವೋ, ಸಿಗಂದೂರು ಚೌಡೇಶ್ವರಿಯ ಹೆಸರಿಡಬೇಕೋ ಬೇಡವೋ. ಎರಡೂ ಹೆಸರಿನ ಜಗಳಗಳೇ. ಕಲ್ಲಿನಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಮುನ್ನೆಲೆಗೆ ಬರಲೇ ಇಲ್ಲ.

ಶಾಸನ ಓದುವವರಿಗೆ ಗೊತ್ತಿರುವಂತೆ, ಎಷ್ಟೋ ವೀರಗಲ್ಲುಗಳ ಬರಹ ಆಳುವ ಅರಸನ ಬಿರುದು, ಶಕವರ್ಷಗಳಿಂದ ಶುರುವಾಗುತ್ತದೆ. ಹಾಗಂತ ಕಲ್ಲು ಅರಸನದ್ದಲ್ಲ. ತುರು ಬಿಡಿಸಲು ಹೋಗಿ ಸತ್ತವನದ್ದು. ಅರಸನಿಂದ ನಮಗೆ ಸಿಗುವುದು ಕಾಲ ಮಾತ್ರ. ದಾನಶಾಸನವೂ ಹಾಗೇ: ಕೊನೆಗೆ ಉಪಯೋಗಕ್ಕೆ ಬರುವುದು ಹಳ್ಳ, ಮರ, ಬಂಡೆಗಳನ್ನು ಹೆಸರಿಸುವ ಎಲ್ಲೆಯ ಸಾಲುಗಳು. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಂತೂ ಕೆಳದಿಯ ಅರಸರು ನೆಲಹಾಸಿನ ಮೇಲೆ ನಮಸ್ಕರಿಸುತ್ತಿದ್ದಾರೆ, ಹೆಸರಿನ ಸಮೇತ. ಹೆಸರು ಬರೆಸಿಕೊಂಡರು, ಆದರೆ ಜನ ನಡೆಯುವ ಮಟ್ಟದಲ್ಲಿ.

ನಮ್ಮ ಕಾಲದ ಉದ್ಘಾಟನಾ ಫಲಕಗಳು ಬಹುಪಾಲು ಮೊದಲ ಸಾಲಿನಲ್ಲೇ ನಿಂತುಬಿಡುತ್ತವೆ: ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವಾನ್ವಿತರು. ಮುಂದೆ ಅದನ್ನು ಓದುವವನಿಗೆ ಆ ದಿನ ವೇದಿಕೆಯಲ್ಲಿ ಯಾರಿದ್ದರು ಎಂದು ತಿಳಿಯುತ್ತದೆ. ಸೇತುವೆ ಯಾಕೆ ಬೇಕಾಯಿತು ಎಂದು ತಿಳಿಯುವುದಿಲ್ಲ.

ಬೇಕಾದದ್ದು ಅದ್ದೂರಿ ಪ್ರತಿಮೆಯಲ್ಲ. ದಡದಲ್ಲೊಂದು ಕಲ್ಲು, ಕನ್ನಡದಲ್ಲಿ ಹತ್ತಿಪ್ಪತ್ತು ಸಾಲು: ಅಣೆಕಟ್ಟು ಕಟ್ಟಿದ ವರ್ಷ, ಲಾಂಚ್ ಓಡಿದ ಕಾಲ, ಮುಳುಗಿದ ಊರುಗಳ ಹೆಸರು. ಅವು ಕಂದಾಯ ದಾಖಲೆಯಲ್ಲಿವೆ ಅಂತ ಯಾರಾದರೂ ಹೇಳಬಹುದು. ಸರಿ, ಆದರೆ ಕಾರಿನಲ್ಲಿ ದಾಟುವವನು ಕಚೇರಿಗೆ ಹೋಗಿ ಕಡತ ಬಿಚ್ಚುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮಡೇನೂರು ಅಣೆಕಟ್ಟು ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಿದ ಊರಿನ ಹೆಸರಿಗೆ ಆ ಭಾಗ್ಯವಿಲ್ಲ. ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ.